ಮಾಕುಟ್ಟದ ಬಾಗಿಲೂ ಸ್ಪಾರ್ಟದ ಗರಡಿಯೂ

ಕೊಡಗಿನ ಮಾತು ಬಂದಾಗಲೆಲ್ಲ ನಮ್ಮ ಭಾಷಣಕಾರರು ತಪ್ಪದೆ ಆಡುವ ಮಾತೊಂದುಂಟು: ಕೊಡಗು ಕರ್ನಾಟಕದ ಸ್ಪಾರ್ಟ! ಸಭೆಯು ಚಪ್ಪಾಳೆ ತಟ್ಟುತ್ತದೆ. ಭಾಷಣಕಾರರು ಮುಂದಿನ ವಿಷಯಕ್ಕೆ ದಾಟುತ್ತಾರೆ. ಆ ಸ್ಪಾರ್ಟವೆಂಬುದು ಎಂತಹ ಪಟ್ಟಣ, ಅಲ್ಲಿಯ ಹುಡುಗರನ್ನು ಯಾವ ಬಗೆಯಲ್ಲಿ ಬೆಳೆಯಿಸುತ್ತಿದ್ದರು, ಆ ಬೆಳೆವಣಿಗೆಯಿಂದ ಕಟ್ಟಕಡೆಗೆ ಆ ಪಟ್ಟಣಕ್ಕೆ ಒದಗಿದ ಗತಿಯೇನು ಎಂದು ಕೇಳುವವರು ವಿರಳ. ಬರಿಯ ಅಲಂಕಾರದ ಮಾತಾಗಿದ್ದರೆ ನಾವೂ ಇದನ್ನು ಹಾಗೆಯೇ ಬಿಟ್ಟುಬಿಡುತ್ತಿದ್ದೆವು. ಆದರೆ ಕೈಲ್‌ಪೊಳ್ದ್ ಹಬ್ಬವು ಸಮೀಪಿಸುತ್ತಿರುವ ಈ ದಿನಗಳಲ್ಲಿ, ಕೊಡಗಿನ ಹೆಸರು ಹೇಳಿ ಹೆಮ್ಮೆಪಡುವ ಕನ್ನಡಿಗರೆಲ್ಲರೂ ಆ ನಾಡಿನಿಂದ ಕಲಿಯತಕ್ಕದ್ದೇನು, ಆ ನಾಡಿಗೆ ಸಲ್ಲಿಸತಕ್ಕ ಋಣವೇನು ಎಂಬುದನ್ನು ಗೊತ್ತುಮಾಡಿಕೊಳ್ಳುವದು ಯುಕ್ತವೆಂದು ನಮಗೆ ತೋರುತ್ತದೆ. ವಿಶೇಷವಾಗಿ ನಮ್ಮ ಉಪಾಧ್ಯಾಯ ಬಂಧುಗಳು ಈ ವಿಷಯಕ್ಕೆ ಕಿವಿಗೊಡಬೇಕೆಂದು ಪ್ರಾರ್ಥಿಸುತ್ತೇವೆ.

ಮೊದಲು ಸ್ಪಾರ್ಟದ ಮಾತು. ಅಲ್ಲಿ ಮಗುವು ತಂದೆತಾಯಿಗಳ ಸೊತ್ತಲ್ಲ, ರಾಜ್ಯದ ಸೊತ್ತು. ಹುಟ್ಟಿದ ಕೂಸನ್ನು ಕುಲದ ಹಿರಿಯರು ಪರೀಕ್ಷಿಸಿ, ಅಶಕ್ತವೆಂದು ಕಂಡರೆ ಬೆಟ್ಟದ ಕಮರಿಗೆ ಎಸೆಯಿಸುತ್ತಿದ್ದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಅವನು ಸ್ಪಾರ್ಟದ ಉನ್ನತಿಯ ಕಾಲಕ್ಕೆ ಐದಾರುನೂರು ವರ್ಷಗಳ ತರುವಾಯದವನಾದ್ದರಿಂದ ಇಂದಿನ ಪಂಡಿತರು ಈ ಮಾತನ್ನು ಪೂರ್ತಿಯಾಗಿ ಒಪ್ಪುವದಿಲ್ಲ. ಆದರೆ ಏಳನೆಯ ವರ್ಷಕ್ಕೆ ಹುಡುಗನನ್ನು ತಾಯಿಯ ಮಡಿಲಿನಿಂದ ಬಿಡಿಸಿ ಸರಕಾರದ ದಳಕ್ಕೆ ಸೇರಿಸುತ್ತಿದ್ದುದಂತೂ ನಿಜ. ಅಗೋಗೆ ಎಂಬುದು ಆ ಶಿಕ್ಷಣದ ಹೆಸರು. ಕಾಲಿಗೆ ಕೆರವಿಲ್ಲ, ಬೇಸಗೆಗೂ ಚಳಿಗೂ ವರ್ಷಕ್ಕೊಂದೇ ಹೊದಿಕೆ, ಯೂರೊಟಾಸ್ ಹೊಳೆಯ ದಂಡೆಯ ಜೊಂಡನ್ನು ಕತ್ತಿ ಮುಟ್ಟಿಸದೆ ಕೈಯಿಂದಲೇ ಮುರಿದು ತಂದು ಹಾಸಿಕೊಂಡು ಮಲಗತಕ್ಕದ್ದು. ಹೊಟ್ಟೆತುಂಬ ಅನ್ನವನ್ನು ಬೇಕೆಂತಲೇ ಕೊಡುತ್ತಿರಲಿಲ್ಲ. ಹಸಿದ ಹುಡುಗನು ಕದ್ದು ತಿನ್ನಲಿ ಎಂಬುದು ಉದ್ದೇಶ. ಕದ್ದುದಕ್ಕೆ ಶಿಕ್ಷೆಯಿಲ್ಲ, ಸಿಕ್ಕಿಬಿದ್ದುದಕ್ಕೆ ಚಾವಟಿಯ ಏಟು! ಓದುಬರೆಹ ಬೇಕಾದಷ್ಟಕ್ಕೆ ಮಾತ್ರ. ಮಿಕ್ಕುದೆಲ್ಲ ಓಟ, ಕುಸ್ತಿ, ಬೇಟೆ, ಈಟಿಯ ಅಭ್ಯಾಸ, ಮೇಳದ ಹಾಡು ಕುಣಿತ. ಇಪ್ಪತ್ತು ವರ್ಷವಾದ ಮೇಲೆ ಪುರುಷರ ಸಹಪಂಕ್ತಿಯಲ್ಲಿ ಊಟ. ಮದುವೆಯಾದರೂ ಮೂವತ್ತರವರೆಗೆ ದಂಡಿನ ಮನೆಯಲ್ಲಿಯೇ ವಾಸ. ಅರುವತ್ತರವರೆಗೆ ಯುದ್ಧದ ಕರೆಗೆ ಬದ್ಧ. ಹೆಣ್ಣುಮಕ್ಕಳಿಗೂ ಓಟ, ಕುಸ್ತಿಗಳ ಅಭ್ಯಾಸವಿದ್ದಿತು. ಮಿಕ್ಕ ಗ್ರೀಕರು ಇದನ್ನು ಕಂಡು ಮೂಗುಮುರಿಯುತ್ತಿದ್ದರು. ನಮ್ಮ ದೃಷ್ಟಿಯಲ್ಲಿ ಸ್ಪಾರ್ಟದವರ ವ್ಯವಸ್ಥೆಯಲ್ಲೆಲ್ಲ ಮೆಚ್ಚತಕ್ಕ ಅಂಶವೆಂದರೆ ಇದೊಂದೇ.

ಕ್ರಿ. ಪೂ. 480ರಲ್ಲಿ ಥರ್ಮೊಪಿಲೆಯ ಕಣಿವೆಯಲ್ಲಿ ಲಿಯೊನಿಡಾಸನೂ ಅವನ ಮುನ್ನೂರು ಜನರೂ ಪಾರಸೀಕರ ಸೈನ್ಯಸಾಗರವನ್ನು ತಡೆದು ಮಡಿದ ಕಥೆಯನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು. ಅದರ ಮುಂದಿನ ವರ್ಷದ ಪ್ಲಾಟಿಯಾ ಯುದ್ಧದ ಲೆಕ್ಕವನ್ನು ಮಾತ್ರ ಯಾವ ಭಾಷಣಕಾರರೂ ಹೇಳುವದಿಲ್ಲ. ಆ ಯುದ್ಧಕ್ಕೆ ಸ್ಪಾರ್ಟದ ಯೋಧರು 5000 ಜನರು ಹೊರಟರು. ಒಬ್ಬೊಬ್ಬನ ಹಿಂದೆ ಏಳೇಳು ಹೆಲಾಟರಂತೆ 35,000 ಜನ ಹೆಲಾಟರು ನಡೆದರು ಎಂದು ಹಿರೊಡೋಟಸನು ಬರೆದಿದ್ದಾನೆ. ಹೆಲಾಟರೆಂದರೆ ಸ್ಪಾರ್ಟದವರು ಗೆದ್ದು ಭೂಮಿಗೆ ಕಟ್ಟಿಹಾಕಿದ ಜನ. ಅವರು ಉತ್ತರು, ಬಿತ್ತರು. ಅವರ ಬೆವರಿನ ಧಾನ್ಯವನ್ನುಂಡು ಸ್ಪಾರ್ಟದವನು ದಿನವೆಲ್ಲ ಅಂಗಸಾಧನೆ ಮಾಡಿದನು. ಆಳುವವರು ಅವರ ಮೇಲೆ ವರ್ಷಕ್ಕೊಮ್ಮೆ ವಿಧಿಪೂರ್ವಕವಾಗಿ ಯುದ್ಧವನ್ನು ಸಾರುತ್ತಿದ್ದರು; ಹಾಗೆ ಸಾರಿದ ಮೇಲೆ ಹೆಲಾಟನನ್ನು ಕೊಂದವನಿಗೆ ಪಾಪವಿಲ್ಲ. ಆ ಗರಡಿಯ ಅಡಿಗಲ್ಲು ಇಂತಹದು. ಹೊರಗಿನ ಶತ್ರುವಿಗಿಂತ ಹೆಚ್ಚಾಗಿ ತನ್ನ ಹೊಲದಲ್ಲಿ ದುಡಿಯುವವನಿಗೆ ಹೆದರಿಯೇ ಸ್ಪಾರ್ಟವು ಹಗಲಿರುಳು ಈಟಿಯನ್ನು ಮಸೆಯಬೇಕಾಯಿತು.

ಈಗ ಕೊಡಗಿನ ಕಡೆಗೆ ತಿರುಗೋಣ. ಅಲ್ಲಿಯೂ ಹುಟ್ಟಿದ ದಿನದಿಂದಲೇ ಗಂಡುಮಗುವಿಗೆ ವೀರದೀಕ್ಷೆಯುಂಟು. ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನೂ ಬಾಣವನ್ನೂ ಕೂಸಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಕೋವಿ ಹಾರಿಸುವದು ಕೊಡವರ ಹಳೆಯ ಪದ್ಧತಿ. ಮನುಷ್ಯನು ಸತ್ತಾಗಲೂ ಕೋವಿಯೇ ಊರಿಗೆ ಸುದ್ದಿಯನ್ನು ಮುಟ್ಟಿಸುತ್ತದೆ. ಮದುವೆಯಲ್ಲಿ ಬಾಳೆಯ ದಿಂಡುಗಳನ್ನು ನಿಲ್ಲಿಸಿ ಒಡಿಕತ್ತಿಯಿಂದ ಒಂದೊಂದೇ ಏಟಿಗೆ ಕಡಿದುರುಳಿಸುವ ಶಾಸ್ತ್ರವುಂಟು. ಹುಲಿಯನ್ನು ಕೊಂದ ವೀರನಿಗೆ ಹಿಂದಿನ ಕಾಲದಲ್ಲಿ ನರಿಮಂಗಲವೆಂಬ ಮದುವೆಯಂತಹ ಉತ್ಸವವನ್ನೇ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ ಎಂಬುದನ್ನು ಬಯಲುಸೀಮೆಯ ವಾಚಕರು ನೆನಪಿನಲ್ಲಿಡಬೇಕು, ಇಲ್ಲವಾದರೆ ನಗುವಿಗೆ ಎಡೆಯಾದೀತು! ಮಂದಿನಲ್ಲಿ, ಎಂದರೆ ಊರ ಬಯಲಿನಲ್ಲಿ, ನಡೆಯುವ ಪರಿಯಕಳಿಯಲ್ಲಿ ಒಬ್ಬನು ಬೆತ್ತದಿಂದ ಎದುರಾಳಿಯ ಮೊಣಕಾಲಿನ ಕೆಳಗೆ ಹೊಡೆಯಬೇಕು, ಇನ್ನೊಬ್ಬನು ಗುರಾಣಿಯಿಂದ ಅದನ್ನು ತಪ್ಪಿಸಿಕೊಳ್ಳಬೇಕು. ವಾದ್ಯದ ಗತಿಗೆ ಹೆಜ್ಜೆಯಿಡುತ್ತಲೇ ನಡೆಯುವ ಈ ಆಟದಲ್ಲಿ ಸಿಟ್ಟಿಗೇಳುವದು ಅವಮಾನ. ಕೋಲಾಟದಲ್ಲಿಯೂ ಹಾಗೆಯೇ, ಕೋಲು, ಕಾಲು, ಕಿವಿ ಮೂರೂ ಒಂದಾಗಬೇಕು.

ಇಷ್ಟನ್ನು ಕೇಳಿದವರು, ಹಾಗಾದರೆ ಸ್ಪಾರ್ಟವೆಂದುದು ಸರಿಯೇ ಅಲ್ಲವೆ, ಎನ್ನಬಹುದು. ಸರಿಯಲ್ಲ. ಕೈಲ್‌ಪೊಳ್ದನ್ನೇ ನೋಡಿರಿ. ಮಳೆಗಾಲದ ಬೇಸಾಯ ಆರಂಭವಾಗುವಾಗ ಕೊಡವನು ತನ್ನ ಆಯುಧಗಳನ್ನು ಐನ್‌ಮನೆಯ ಕನ್ನಿಕೊಂಬರೆಯಲ್ಲಿ, ಎಂದರೆ ಗುರುಕಾರಣವರ ದೀಪವಿರುವ ಕೋಣೆಯಲ್ಲಿ, ಒಪ್ಪಿಸಿಬಿಡುತ್ತಾನೆ. ಗದ್ದೆಯ ನಾಟಿ ಮುಗಿಯುವವರೆಗೆ ಕೋವಿಗೆ ವಿಶ್ರಾಂತಿ. ನಾಟಿ ಮುಗಿದ ತರುವಾಯ, ಸಪ್ಟಂಬರ 3ರ ಸುಮಾರಿಗೆ, ಕೋವಿ ಕತ್ತಿಗಳನ್ನು ತೊಳೆದು, ತೋಕ್‌ಪೂವಿನಿಂದ ಸಿಂಗರಿಸಿ, ಪೂಜಿಸಿ, ಮನೆಯ ಹಿರಿಯನು ಕಿರಿಯರ ಕೈಗೆ ಕೊಡುತ್ತಾನೆ. ಎತ್ತರದ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವು ಆಮೇಲೆ. ಬೆಳೆದು ನಿಂತ ಪೈರನ್ನು ಕಾಡುಹಂದಿಯಿಂದ ಕಾಯುವ ಕೆಲಸವೂ ಆಗಲೇ ಮೊದಲಾಗುತ್ತದೆ. ಪೈರು ಹಣ್ಣಾದಾಗ ಪುತ್ತರಿ. ಅಂದು ಕದಿರು ಕೊಯ್ಯುವ ಮುನ್ನ ಮತ್ತೆ ಕೋವಿಯ ಸದ್ದು. ನೇಗಿಲಿನ ಪಂಚಾಂಗವೇ ಕೋವಿಯ ಪಂಚಾಂಗವೂ ಆಗಿರುವದು ನಮ್ಮ ವಾಚಕರ ಗಮನಕ್ಕೆ ಬಂದಿರಬೇಕು. ಸ್ಪಾರ್ಟದವನು ನೇಗಿಲು ಮುಟ್ಟಿದರೆ ಮಾನ ಹೋಯಿತೆಂದುಕೊಳ್ಳುತ್ತಿದ್ದನು. ಕೊಡವನು ಕೆಸರುಗದ್ದೆಯಲ್ಲಿ ಓಡಿ ಗೆದ್ದು ಅದನ್ನು ಆಟವೆಂದು ಕರೆದನು.

ಎರಡನೆಯ ಭೇದವು ಇದಕ್ಕಿಂತ ದೊಡ್ಡದು. ಸ್ಪಾರ್ಟದ ಗುರು ಸರಕಾರ. ಕೊಡಗಿನ ಗುರು ಒಕ್ಕ. ಒಂದೇ ಮೂಲಪುರುಷನ ಸಂತತಿಯು ಒಂದೇ ಐನ್‌ಮನೆಯ ಹೆಸರಿನಲ್ಲಿ ನಿಂತು, ಪಟ್ಟೇದಾರನ ಮಾತಿಗೆ ತಲೆವಾಗಿ, ಚಿಕ್ಕಪ್ಪ ದೊಡ್ಡಪ್ಪಂದಿರ ಜೊತೆಗೆ ಬೇಟೆಗೂ ಗದ್ದೆಗೂ ಹೋಗುತ್ತ ಹುಡುಗನು ಕಲಿತನು. ತಾಯಿಯಿಂದ ಅಗಲಿಸಿ, ಹೊಟ್ಟೆಗಿಲ್ಲದೆ ಮಾಡಿ, ಕಳ್ಳತನ ಕಲಿಸಿ ಧೈರ್ಯವನ್ನು ಹುಟ್ಟಿಸಬೇಕಾಗಲಿಲ್ಲ. ರಾಜರ ಕಾಲದಲ್ಲಿ ಜಮ್ಮಾ ಭೂಮಿಗೆ ಕಂದಾಯ ಕಡಿಮೆ. ಅದಕ್ಕೆ ಪ್ರತಿಯಾಗಿ ಅರಸನ ಕರೆ ಬಂದಾಗ ಆಯುಧಸಹಿತ ಹಾಜರಾಗುವ ಹೊಣೆಯಿದ್ದಿತು. ಆ ಹೊಣೆಗೆ ಹುಡುಗರನ್ನು ಸಿದ್ಧಮಾಡಿದ್ದು ಮಾತ್ರ ಮನೆ.

ಈ ತರಬೇತಿಯ ಫಲವನ್ನು ಲೋಕವು ಕಂಡಿದೆ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದ ಕೊಡಂದೇರ ಕಾರ್ಯಪ್ಪನವರು 1949ನೆಯ ಜನೇವರಿ 15ರಂದು ಭಾರತದ ಸೈನ್ಯಕ್ಕೆ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು; ಕೊಡಂದೇರ ತಿಮ್ಮಯ್ಯನವರು 1957ರಿಂದ 1961ರವರೆಗೆ ಸೇನಾಮುಖ್ಯಸ್ಥರಾಗಿದ್ದರು. ಇವರ ಹೆಸರನ್ನು ಕರ್ನಾಟಕದ ಯಾವ ಮೂಲೆಯಲ್ಲಿ ಹೇಳಿದರೂ ಎದೆ ಉಬ್ಬುವದು. ಉಬ್ಬಲಿ. ಆದರೆ ಪತ್ರಿಕೆಯ ಕೆಲಸವು ಎದೆ ಉಬ್ಬಿಸುವದಷ್ಟೇ ಅಲ್ಲವಾದ್ದರಿಂದ ಎರಡು ಕಹಿ ಮಾತುಗಳನ್ನೂ ಇಲ್ಲಿ ಆಡಬೇಕಾಗಿದೆ.

ಮೊದಲನೆಯದು ಇತಿಹಾಸದ ಮಾತು. 1834ರಲ್ಲಿ ಆಂಗ್ಲರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿದರು. ಮೂರು ವರ್ಷಗಳೊಳಗೆ, 1837ರಲ್ಲಿ, ಅಮರಸುಳ್ಯದ ಸೀಮೆಯಿಂದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದರು. ಆ ದಂಗೆಯ ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅದೇ ವರ್ಷದ ಅಕ್ಟೋಬರ 31ರಂದು ಮಡಿಕೇರಿಯ ಕೋಟೆಯ ಬಳಿ ನೇಣಿಗೆ ಹಾಕಿದರು. ಆ ದಂಗೆಯನ್ನಡಗಿಸಲು ಆಂಗ್ಲರಿಗೆ ನೆರವಾದವರಲ್ಲಿ ಕೊಡಗಿನ ಆಯುಧಪಾಣಿಗಳೂ ಇದ್ದರು. ಅವರಿಗೆ ಪದಕಗಳು ದೊರೆತವು. 1861ರಲ್ಲಿ ಕಮಿಶನರ್ ಕಬ್ಬನ್ನನು ನಿರಾಯುಧ ಕಾನೂನಿನಿಂದ ಕೊಡವರಿಗೆ ವಿನಾಯಿತಿಯನ್ನು ಕೊಟ್ಟಾಗ ಅವರ ಶೌರ್ಯವನ್ನು ಹೊಗಳಿದಂತೆಯೇ ಆಂಗ್ಲ ಸರಕಾರದ ಪರವಾದ ಅವರ ನಿಷ್ಠೆಯನ್ನೂ ಹೊಗಳಿದನು. ಇದನ್ನು ಇಲ್ಲಿ ಹೇಳುವದು ಯಾರನ್ನೂ ಹಳಿಯುವದಕ್ಕಲ್ಲ. ಅದೇ ಒಕ್ಕಗಳ ಮೊಮ್ಮಕ್ಕಳು ತರುವಾಯ ಖಾದಿ ತೊಟ್ಟು ಸೆರೆಮನೆ ಸೇರಿದರು. ಪಂದ್ಯಂಡ ಬೆಳ್ಳಿಯಪ್ಪ, ಸಿ. ಎಂ. ಪೂಣಚ್ಚ ಇವರ ಹೆಸರುಗಳನ್ನು ಯಾರು ಮರೆತಾರು? ಆದರೆ ತೋಳಿನ ಶಿಕ್ಷಣದ ಜೊತೆಗೆ ಆ ತೋಳು ಯಾರಿಗಾಗಿ ಏಳಬೇಕೆಂಬ ವಿವೇಕದ ಶಿಕ್ಷಣವಿಲ್ಲದಿದ್ದರೆ, ಗುರಿ ತಪ್ಪದ ಕೋವಿಯೂ ಪರರ ಕೈಯ ಉಪಕರಣವಾದೀತೆಂಬುದನ್ನು 1837 ನಮಗೆ ತೋರಿಸಿದೆ. ಆ ವಿನಾಯಿತಿಯು ಇಂದಿಗೂ ನಡೆದುಬಂದಿದೆ. 1959ರ ಶಸ್ತ್ರ ಕಾನೂನಿನ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ದೊರೆತಿದೆ. 2019ರಲ್ಲಿ ಭಾರತ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ನಮಗೆ ಅದರಲ್ಲಿ ಆಕ್ಷೇಪವಿಲ್ಲ.

ಎರಡನೆಯ ಮಾತು ಇನ್ನೂ ಕಹಿಯಾದುದು. ಹೆಲಾಟರ ಲೆಕ್ಕವನ್ನು ಮೇಲೆ ಕೊಟ್ಟೆವು. ಕೊಡಗಿನ ಹೊಲಗದ್ದೆಗಳಲ್ಲಿಯೂ ಹಿಂದೆ ಜೀತದಾಳುಗಳಿದ್ದರು. ಭೂಮಿಯೊಂದಿಗೆ ಸೇರಿದವರು, ಒಕ್ಕಲಿಗೆ ಸೇರಿದವರು ಎಂಬ ಎರಡು ಬಗೆಯಾಗಿ ಅವರನ್ನು ಸೊತ್ತಿನಂತೆ ಎಣಿಸುತ್ತಿದ್ದರು. ವರ್ಷಕ್ಕೊಮ್ಮೆ ಅವರ ಮೇಲೆ ಯುದ್ಧ ಸಾರುವ ಸ್ಪಾರ್ಟದ ಕ್ರೌರ್ಯವು ಇಲ್ಲಿ ಇರಲಿಲ್ಲ. ಒಡೆಯನೂ ಅದೇ ಕೆಸರಿಗಿಳಿದು ದುಡಿಯುತ್ತಿದ್ದನು. ಆದರೂ ಒಬ್ಬನು ಗುರಿಯ ಅಭ್ಯಾಸಕ್ಕೆ ಹೊರಟಾಗ ಇನ್ನೊಬ್ಬನು ಅವನ ದನ ಕಾಯುತ್ತಿದ್ದನೆಂಬುದು ಸುಳ್ಳಾಗದು. 1843ರ ಕಾನೂನು ಗುಲಾಮಗಿರಿಗೆ ಇದ್ದ ರಾಜಮನ್ನಣೆಯನ್ನು ತೆಗೆಯಿತು; 1976ರ ಕಾನೂನು ಜೀತವನ್ನು ನಿಷೇಧಿಸಿತು. ಆದರೆ ಯರವರ, ಕುರುಬರ ಎಷ್ಟೋ ಸಂಸಾರಗಳು ಇಂದಿಗೂ ಕಾಫಿಯ ತೋಟದ ಲೈನುಮನೆಗಳಲ್ಲಿ, ತಮ್ಮದೆಂಬ ಗೇಣುನೆಲವಿಲ್ಲದೆ ದಿನ ಕಳೆಯುತ್ತಿವೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಅವರು ಕಟ್ಟಿಕೊಂಡಿದ್ದ ಗುಡಿಸಲುಗಳನ್ನು ಕೀಳಿಸಿದಾಗ ನಾಡೆಲ್ಲ ಅವರ ಹೆಸರನ್ನು ಕೇಳಿತು, ಮತ್ತೆ ಮರೆಯಿತು. ಕಾಡಿನ ಜಾಡನ್ನು ಹಿಡಿಯುವದರಲ್ಲಿ, ಮರವನ್ನೇರಿ ಜೇನನ್ನಿಳಿಸುವದರಲ್ಲಿ ಜೇನುಕುರುಬನ ಮಗನಿಗೆ ಸಮಾನರು ಯಾರು? ಅವನ ಕಾಲಿನಲ್ಲಿ ಓಟವಿದೆ, ಕಣ್ಣಿನಲ್ಲಿ ಗುರಿಯಿದೆ. ಅವನಿಗೆ ಐನ್‌ಮನೆಯಿಲ್ಲ, ಆದುದರಿಂದ ಶಾಲೆಯೇ ಅವನ ಐನ್‌ಮನೆಯಾಗಬೇಕು.

ಇಲ್ಲಿಗೆ ನಾವು ಮಾಕುಟ್ಟಕ್ಕೆ ಬಂದೆವು. ಮಾಕುಟ್ಟವೆಲ್ಲಿದೆಯೆಂದು ಧಾರವಾಡದ ಅಥವಾ ತುಮಕೂರಿನ ವಾಚಕರು ಕೇಳಬಹುದು. ವೀರರಾಜಪೇಟೆಯಿಂದ ಪೆರುಂಬಾಡಿಯ ಮಾರ್ಗವಾಗಿ, ಬ್ರಹ್ಮಗಿರಿಯ ಅಭಯಾರಣ್ಯದ ದಟ್ಟವಾದ ಕಾಡಿನಲ್ಲಿ ಘಟ್ಟವನ್ನಿಳಿದರೆ ಕರ್ನಾಟಕದ ಕಟ್ಟಕಡೆಗೆ ಸಿಕ್ಕುವ ನೆಲೆಯೇ ಮಾಕುಟ್ಟ. ಅಲ್ಲಿ ನಮ್ಮ ತನಿಖೆಯ ಠಾಣೆ. ಕೂಟುಪುಳದ ಸೇತುವೆಯನ್ನು ದಾಟಿದರೆ ಕೇರಳದ ಕಣ್ಣೂರು ಜಿಲ್ಲೆ, ಇರಿಟ್ಟಿಯ ಪೇಟೆ. ಪಡುವಣ ಕರಾವಳಿಯಿಂದ ಕೊಡಗಿಗೆ ಈ ಸೀಮೆಯ ಘಟ್ಟಗಳೇ ಹೆಬ್ಬಾಗಿಲು. 1791ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ದಂಡು ಶ್ರೀರಂಗಪಟ್ಟಣದ ಕಡೆಗೆ ಹೋಗುವದಕ್ಕೆ ಕಣ್ಣೂರಿನಿಂದ ಕೊಡಗಿನ ಘಟ್ಟವನ್ನೇರಿ ಬಂದಿತು. ಆ ದಂಡನಾಯಕನನ್ನು ದೊಡ್ಡವೀರರಾಜೇಂದ್ರನು ಎದುರ್ಗೊಂಡ ನೆನಪಿಗಾಗಿ ಮರುವರ್ಷವೇ ವೀರರಾಜಪೇಟೆಯು ಹುಟ್ಟಿತು. ಆ ಕಾಲದಲ್ಲಿ ಇಂತಹ ಘಟ್ಟಗಳನ್ನು ಕಾಯುತ್ತಿದ್ದುದು ಜಮ್ಮಾದಾರರ ತೋಳು. ಇಂದು ಆ ಬಾಗಿಲಿಗೆ ಮರದ ಅಡ್ಡಗೋಲು, ರಸೀತಿಯ ಪುಸ್ತಕ. 2018ರ ಮಳೆಗಾಲದಲ್ಲಿ ಗುಡ್ಡ ಜರಿದು ಈ ದಾರಿಯು ಮುಚ್ಚಿತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭಯದಿಂದ ದಾರಿಗೆ ಅಡ್ಡಲಾಗಿ ಮಣ್ಣನ್ನೇ ರಾಶಿ ಹಾಕಿದರು. ಅಂತಹ ಸಂದರ್ಭಗಳಲ್ಲಿ ಮಾತ್ರ ಮಾಕುಟ್ಟದ ಹೆಸರು ಬೆಂಗಳೂರಿನ ಪತ್ರಿಕೆಗಳಲ್ಲಿ ಬರುವದು. ಗಡಿಯನ್ನು ನಾವು ಠಾಣೆಯೆಂದು ಮಾತ್ರ ಬಲ್ಲೆವು. ಅಲ್ಲಿಯೂ ಮಕ್ಕಳು ಹುಟ್ಟಿ ಬೆಳೆಯುತ್ತಾರೆಂಬುದು ನಮ್ಮ ನೆನಪಿಗೇ ಬರುವದಿಲ್ಲ.

ಏಕೀಕರಣದ ಪಕ್ಷವನ್ನು ಹಿಡಿದವರಿಗೆ ಇದು ಸಣ್ಣ ವಿಷಯವಲ್ಲ. 1952ರ ಚುನಾವಣೆಯಲ್ಲಿ ಕೊಡಗಿನ ತಕ್ಕಡಿ ಪಕ್ಷವು ವಿಲೀನವನ್ನು ವಿರೋಧಿಸಿದಾಗ ಅದರ ಮುಖ್ಯವಾದ ಅಂಜಿಕೆಯೇನು? ದೊಡ್ಡ ಪ್ರಾಂತದಲ್ಲಿ ತಮ್ಮ ಚಿಕ್ಕ ನಾಡು ಕರಗಿ ಕಾಣದಾದೀತೆಂಬುದೇ ಅಲ್ಲವೆ? ಏಕೀಕರಣವಾದಿಗಳು ಆ ಅಂಜಿಕೆಗೆ ಕಾರಣವಿಲ್ಲವೆಂದು ವಾದಿಸಿದರು. 24 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 15 ದೊರೆತವು. 1956ನೆಯ ನವೆಂಬರ 1ರಂದು ಕೊಡಗು ಕನ್ನಡ ರಾಜ್ಯವನ್ನು ಸೇರಿತು. ಕಾಸರಗೋಡು ಅದೇ ದಿನ ನಮ್ಮ ಕೈತಪ್ಪಿತು. 1967ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರತಕ್ಕದ್ದೆಂದು ಹೇಳಿದ ಮೇಲೂ ಅದು ನಮಗೆ ಬಂದಿಲ್ಲ. ಬಾರದುದಕ್ಕಾಗಿ ದುಃಖಪಡುವ ನಾವು ಬಂದುದನ್ನು ಹೇಗೆ ಇಟ್ಟುಕೊಂಡಿದ್ದೇವೆಂದು ನೋಡಿಕೊಳ್ಳಬೇಡವೆ? ಕೊಡಗಿನಿಂದ ನಾವು ಕಾವೇರಿಯನ್ನು ಪಡೆದೆವು, ಕಾಫಿಯನ್ನು ಪಡೆದೆವು, ದಂಡನಾಯಕರನ್ನು ಪಡೆದೆವು. 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಲನವನ್ನು ಕೂಡಿಸಿದೆವು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ಹುತ್ತರಿಯ ಹಾಡನ್ನು ನಾಡಿನ ಮಕ್ಕಳಿಗೆಲ್ಲ ಕಲಿಸಿದೆವು. ಹಾಡನ್ನು ಕಲಿಸಿ, ಹಾಡಿನಲ್ಲಿ ಬರುವ ಆಟವನ್ನು ಕಲಿಸದೆ ಬಿಟ್ಟೆವು.

ಶರೀರಶಿಕ್ಷಣವು ಕನ್ನಡನಾಡಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಮೈಸೂರಿನ ಗರಡಿಗಳೂ ದಸರೆಯ ಜಟ್ಟಿಗಳ ವಜ್ರಮುಷ್ಟಿಯೂ, ತುಳುನಾಡಿನ ಕೋಟಿಚೆನ್ನಯರ ಗರಡಿಗಳೂ, ಮುಂಬಯಿ ಕರ್ನಾಟಕದ ತಾಲೀಮುಗಳೂ ಒಂದೇ ಬಳ್ಳಿಯ ಕಾಯಿಗಳು. ಹುಬ್ಬಳ್ಳಿಯ ಡಾ. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಲವನ್ನು ಸ್ಥಾಪಿಸಿದಾಗ ಕವಾಯತಿಗೂ ವ್ಯಾಯಾಮಕ್ಕೂ ಸ್ವರಾಜ್ಯದ ಕೆಲಸದಲ್ಲಿ ಸ್ಥಾನವನ್ನು ದೊರಕಿಸಿದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಯಿಸಿದ ಕೆ. ವಿ. ಅಯ್ಯರರು ಅದೇ ಕೈಯಿಂದ ‘ಶಾಂತಲಾ’ ಕಾದಂಬರಿಯನ್ನೂ ಬರೆದರು. ತೋಳಿಗೂ ಲೇಖನಿಗೂ ಹಗೆಯೆಂದು ತಿಳಿಯುವ ಪಂಡಿತರು ಈ ಹೆಸರನ್ನು ಜ್ಞಾಪಕದಲ್ಲಿಡುವದು ಒಳ್ಳೆಯದು. ಇಷ್ಟೆಲ್ಲ ಬೀಜವಿದ್ದೂ ನಮ್ಮ ಶಾಲೆಯಲ್ಲಿ ಬೆಳೆದದ್ದೇನು? ಸಾಲಾಗಿ ನಿಲ್ಲಿಸಿ ಕೈ ಮೇಲೆತ್ತಿಸಿ ಕೆಳಗಿಳಿಸುವ ಡ್ರಿಲ್ಲು! ಅದೂ ಪರೀಕ್ಷೆ ಸಮೀಪಿಸಿತೆಂದರೆ ಗಣಿತದ ಪಾಲು.

ಕಾನೂನು ಏನು ಹೇಳುತ್ತದೆಂಬುದನ್ನೂ ನೋಡೋಣ. 2009ರ ಕಡ್ಡಾಯ ಶಿಕ್ಷಣದ ಹಕ್ಕಿನ ಕಾನೂನಿನ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಗೂ ಆಟದ ಬಯಲು ಇರತಕ್ಕದ್ದೆಂದು ಬರೆದಿದೆ. ತರಗತಿಗಳಿಗೆ ಆಟದ ಸಾಮಾನುಗಳನ್ನು ಒದಗಿಸತಕ್ಕದ್ದೆಂದೂ ಇದೆ. ಬಹು ಒಳ್ಳೆಯದು. ಆದರೆ ಆರೋಗ್ಯ ಮತ್ತು ಶರೀರಶಿಕ್ಷಣದ ಬೋಧಕನು ಬೇಕೆಂದು ಅದು ವಿಧಿಸುವದು ಆರರಿಂದ ಎಂಟನೆಯ ತರಗತಿಗಳಿಗೆ. ಅದೂ ಮಕ್ಕಳ ಸಂಖ್ಯೆ ನೂರನ್ನು ಮೀರಿದ್ದರೆ ಮಾತ್ರ. ಮೀರಿದಾಗಲೂ ಅವನು ಅರೆಕಾಲದವನಾದರೆ ಸಾಕು. ಘಟ್ಟದ ಕಾಡಿನ ನಡುವೆ, ಮನೆಗೂ ಮನೆಗೂ ಮೈಲು ದೂರವಿರುವ ಸೀಮೆಯಲ್ಲಿ ಒಂದು ಶಾಲೆಗೆ ನೂರು ಮಕ್ಕಳನ್ನು ಎಲ್ಲಿಂದ ತರುವದು? ದಿಲ್ಲಿಯಲ್ಲಿ ಕುಳಿತು ನೂರೆಂದು ಬರೆದವರಿಗೆ ಬ್ರಹ್ಮಗಿರಿಯ ಮಳೆ ಗೊತ್ತಿರಲಿಕ್ಕಿಲ್ಲ, ಬೆಂಗಳೂರಿನವರಿಗೆ ಗೊತ್ತಿರಬೇಡವೆ? ಹೀಗಾಗಿ ಬಲಿಷ್ಠರಾದ ಮಕ್ಕಳು ಎಲ್ಲಿ ಹುಟ್ಟುತ್ತಾರೆಯೋ ಅಲ್ಲಿಯೇ ಅವರನ್ನು ಪಳಗಿಸುವ ಬೋಧಕನಿಲ್ಲ. ಕೂಡಿಗೆಯಲ್ಲಿ ಸರಕಾರದ ಕ್ರೀಡಾಶಾಲೆಯಿದೆ. 2007ರಿಂದ ಸೈನಿಕಶಾಲೆಯೂ ಇದೆ. ಅವು ಆಯ್ದ ಮಕ್ಕಳಿಗೆ. ಆಯಲ್ಪಡುವದಕ್ಕೆ ಮುಂಚೆ ಮಗುವು ಎಲ್ಲಿಯಾದರೂ ಒಮ್ಮೆ ಓಡಿ ತೋರಿಸಬೇಕಲ್ಲ!

ಸರಕಾರದ ಹಣವಿಲ್ಲದೆ ಏನೂ ನಡೆಯದೆಂದು ಕೈಕಟ್ಟಿ ಕೂಡ್ರುವವರಿಗೆ ಕೊಡಗೇ ಉತ್ತರವನ್ನು ಕೊಟ್ಟಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಒಕ್ಕಗಳ ನಡುವೆ ಹಾಕಿಯ ಪಂದ್ಯವನ್ನು ಏರ್ಪಡಿಸಿದರು. ಮೊದಲ ವರ್ಷ 60 ಒಕ್ಕಗಳು ಬಂದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಯಿಸಿದಾಗ ತಂಡಗಳ ಸಂಖ್ಯೆ 360ಕ್ಕೇರಿ, ಜಗತ್ತಿನಲ್ಲಿಯೇ ಅದು ದಾಖಲೆಯೆನಿಸಿತು. ವರ್ಷಕ್ಕೊಂದು ಒಕ್ಕವು ಆತಿಥ್ಯದ ಹೊಣೆಯನ್ನು ಹೊರುತ್ತದೆ. ಒಂದೇ ತಂಡದಲ್ಲಿ ತಂದೆಯೂ ಮಗನೂ ಆಡುತ್ತಾರೆ. ಅತ್ತಿಗೆ ನಾದಿನಿಯರೂ ಮೈದಾನಕ್ಕಿಳಿಯುತ್ತಾರೆ. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯನವರಂತಹ ಆಟಗಾರರು ಇದಕ್ಕೂ ಮೊದಲೇ ಈ ನೆಲದಿಂದ ಎದ್ದವರು. ಸ್ಪಾರ್ಟದ ಹೋಲಿಕೆಯು ಇಲ್ಲಿ ಪೂರ್ತಿಯಾಗಿ ಮುರಿದುಬೀಳುತ್ತದೆ. ಸ್ಪಾರ್ಟದಲ್ಲಿ ಸಹಪಂಕ್ತಿಯ ಪಾಲನ್ನು ಸಲ್ಲಿಸಲಾರದ ಬಡವನು ಪೌರತ್ವವನ್ನೇ ಕಳೆದುಕೊಂಡನು. ಹೀಗೆ ಬಾಗಿಲನ್ನು ಕಿರಿದು ಮಾಡುತ್ತ ಹೋದ ಆ ಪಟ್ಟಣವು ಕ್ರಿ. ಪೂ. 371ರಲ್ಲಿ ಲ್ಯೂಕ್ಟ್ರದ ಕಾಳಗಕ್ಕೆ 700 ಜನ ಪೂರ್ಣಪೌರರನ್ನು ಮಾತ್ರ ತರಬಲ್ಲದಾಯಿತು. ಅವರಲ್ಲಿ 400 ಜನರು ಥೀಬ್ಸಿನ ಎಪಮಿನೊಂಡಾಸನ ಕೈಯಲ್ಲಿ ಮಡಿದರು. ಒಂದು ಹೊಡೆತವನ್ನು ಆ ಪಟ್ಟಣವು ತಾಳದೆಹೋಯಿತು, ಜನರ ಕೊರತೆಯಿಂದಲೇ ಹಾಳಾಯಿತು ಎಂದು ಅರಿಸ್ಟಾಟಲನು ಬರೆದನು. ಯುದ್ಧವೊಂದಕ್ಕೇ ಬೆಳೆಯಿಸಿದವರಿಗೆ ಶಾಂತಿಯ ಕಾಲದಲ್ಲಿ ಬದುಕುವದು ತಿಳಿಯಲಿಲ್ಲವೆಂಬುದೂ ಅವನ ಆಕ್ಷೇಪ. ಕೊಡಗಿನ ಹಾಕಿಯಲ್ಲಿ 60 ಎಂಬುದು 360 ಆಯಿತು.

ಆ ಬಾಗಿಲು ಇನ್ನೂ ಅಗಲವಾಗಬೇಕೆಂಬುದೇ ನಮ್ಮ ವಾದ. ಒಕ್ಕದ ಹಬ್ಬವು ಒಕ್ಕದ್ದಾಗಿಯೇ ಇರಲಿ. ಅದು ಅವರ ಹಕ್ಕು. ಆದರೆ ಶಾಲೆಯ ಬಯಲು ಎಲ್ಲರದು. ಕೊಡವ, ಅರೆಭಾಷೆಯ ಗೌಡ, ಮಲೆಯಾಳ ಮಾತಾಡುವವನು, ಬ್ಯಾರಿ, ಯರವ, ಕುರುಬ ಇವರೆಲ್ಲರ ಮಕ್ಕಳೂ ಅಲ್ಲಿ ಕೂಡುತ್ತಾರೆ. ಅವರೆಲ್ಲರನ್ನೂ ಒಂದಾಗಿಸಲು ಕನ್ನಡವನ್ನು ಪಾಠದಿಂದ ಮಾತ್ರ ಕಲಿಸಹೋದರೆ ಅದು ಪರೀಕ್ಷೆಯ ಭಾಷೆಯಾಗಿ ಉಳಿದೀತು. ಆಟದ ನಡುವೆ ‘ಹಿಡಿ, ಬಿಡು, ಓಡು, ನಿಲ್ಲು’ ಎಂದು ಕೂಗಿ ಕಲಿತ ಭಾಷೆಯನ್ನು ಮಗುವು ಮುಪ್ಪಿನವರೆಗೂ ಮರೆಯದು. ಮನೆಯ ಭಾಷೆಯು ಮನೆಯಲ್ಲಿ ಬೆಳಗಲಿ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯಂತಹ ಗ್ರಂಥವು, ಕೊಡವ ಭಾಷೆಯೂ ಕನ್ನಡ ಲಿಪಿಯೂ ಹೇಗೆ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬಲ್ಲವೆಂಬುದನ್ನು ತೋರಿಸಿಕೊಟ್ಟಿದೆ.

ನಾವು ಕೇಳುವದು ಹೆಚ್ಚೇನೂ ಅಲ್ಲ. ನೂರು ಮಕ್ಕಳ ನಿಯಮವನ್ನು ಗುಡ್ಡಗಾಡಿನ ಮತ್ತು ಗಡಿಯ ಶಾಲೆಗಳಿಗೆ ಅನ್ವಯಿಸದೆ, ಐದಾರು ಶಾಲೆಗಳಿಗೆ ಒಬ್ಬನಂತೆ ಪೂರ್ಣಕಾಲದ ಶರೀರಶಿಕ್ಷಕನನ್ನು ರಾಜ್ಯ ಸರಕಾರವು ಕೊಡಲಿ; ವಾರಕ್ಕೊಂದು ದಿನವಾದರೂ ಅವನು ಪ್ರತಿಯೊಂದು ಶಾಲೆಗೂ ಬರಲಿ. ಅವನ ತರಬೇತಿಯಲ್ಲಿ ಕೋಲಾಟ, ಪರಿಯಕಳಿ, ಕುಸ್ತಿ, ಮಲ್ಲಕಂಬಗಳೂ ಸೇರಲಿ. ಗಿರಿಜನರ ಆಶ್ರಮಶಾಲೆಗಳಿಗೆ ಮೊದಲ ಪಾಳಿ ಸಲ್ಲಲಿ. ಅಲ್ಲಿಯ ಮಗುವಿಗೆ ಹೊಟ್ಟೆತುಂಬ ಊಟವೂ ಸಿಕ್ಕಲಿ, ಏಕೆಂದರೆ ಹಸಿದ ಹೊಟ್ಟೆಗೆ ವ್ಯಾಯಾಮವನ್ನು ಹೇಳಿಕೊಡುವದು ಸ್ಪಾರ್ಟದ ಪಾಪವನ್ನೇ ಮಾಡಿದಂತೆ. ಹೆಣ್ಣುಮಕ್ಕಳನ್ನು ಬದಿಗೆ ಕೂಡಿಸಿ ಹುಡುಗರನ್ನು ಮಾತ್ರ ಓಡಿಸುವ ರೂಢಿಯು ತಪ್ಪಲಿ. ಈ ಬಗ್ಗೆ ಕೊಡಗಿನ ಶಾಸನಸಭಾಸದಸ್ಯರು ಮುಂದಿನ ಅಧಿವೇಶನದಲ್ಲಿ ಪ್ರಶ್ನೆಯನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಕೇಳದಿದ್ದರೆ ಏಕೆ ಕೇಳಲಿಲ್ಲವೆಂದು ಅವರನ್ನು ಕೇಳುವ ಕೆಲಸ ಮತದಾರರದು.

ಸರಕಾರದ ಉತ್ತರ ಬರುವವರೆಗೆ ಕಾಯಬೇಕಾದ ಕಾರಣವಿಲ್ಲ. ಈ ಸಲದ ಕೈಲ್‌ಪೊಳ್ದ್ ಕಳೆದ ಮರುವಾರದಲ್ಲಿ, ಊರಿನ ಹಿರಿಯರ ಒಪ್ಪಿಗೆ ಪಡೆದು, ಗಡಿಯ ಕಡೆಯ ಉಪಾಧ್ಯಾಯರು ತಂತಮ್ಮ ಶಾಲೆಯ ಮಕ್ಕಳನ್ನೆಲ್ಲ ಜಾತಿಭೇದವಿಲ್ಲದೆ ಒಂದು ದಿನ ಮಂದಿಗೆ ಕರೆದೊಯ್ಯಲಿ. ಕೋವಿ ಬೇಡ, ಕಲ್ಲಿನ ಗುರಿ ಸಾಕು, ಒಂದು ತೆಂಗಿನಕಾಯಿ ಸಾಕು. ಯಾವ ಮಗುವಿನ ಕೈ ಹೇಗೆ ನಡೆಯಿತೆಂಬುದನ್ನು ಹಾಜರಿಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಲಿ. ಹಾಗೆ ನಡೆಯಿಸಿದ ಉಪಾಧ್ಯಾಯರು ತಮ್ಮ ಅನುಭವವನ್ನೂ ಬಂದ ಅಡ್ಡಿಗಳನ್ನೂ ನಮಗೆ ಬರೆದು ಕಳುಹಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.